ಪ್ರಾಸ್ಟೇಟ್ ಕ್ಯಾನ್ಸರ್ ಆದಮೇಲೆ ನಾನು ಇಂಪ್ಲಾಂಟ್ ಹಾಕಿಸಿಕೊಂಡದ್ದು

ನಮ್ಮ ಉಡುಪಿ, ಮಂಗಳೂರು ಕಡೆ ಈಗ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಆಪರೇಷನ್ ಬಗ್ಗೆ ಗಂಡಸರು ಮಾತಾಡುತ್ತಾರೆ. ಪಿಎಸ್‌ಎ (ಪ್ರಾಸ್ಟೇಟಿಗಾಗಿ ಮಾಡುವ ರಕ್ತಪರೀಕ್ಷೆ) ಎಷ್ಟಿತ್ತು, ರೋಬೋಟ್‌ನಲ್ಲಿ ಮಾಡಿಸಿದ್ದಾ, ಮೂತ್ರದ ಪೈಪ್ ಯಾವಾಗ ತೆಗೆದರು, ಎಲ್ಲ ಕೇಳುತ್ತಾರೆ. ಆಮೇಲೆ ಗಂಡ ಹೆಂಡತಿ ನಡುವೆ ಏನಾಯಿತು ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನನಗೆ ಆಗ ಓದಲು ಕನ್ನಡದಲ್ಲಿ ಒಂದೂ ಸಿಗಲಿಲ್ಲ. ಅದಕ್ಕೇ, ಶಿಶ್ನ ನಿಮಿರುವಂತೆ ಮಾಡಲು ಅದರೊಳಗೆ ಕೂರಿಸುವ ಇಂಪ್ಲಾಂಟ್ ಎಂಬ ಸಾಧನ ಹಾಕಿಸಿಕೊಂಡ ನನ್ನ ಅನುಭವವನ್ನು ಬರೆಯುತ್ತಿದ್ದೇನೆ, ಬಿಡಿಸಿಯೇ ಬರೆಯುತ್ತೇನೆ.

ನಾನು ಬ್ಯಾಂಕಿನಿಂದ ರಿಟೈರ್ ಆದವನು, ಮನೆ ಉಡುಪಿಯಲ್ಲಿ. ಅರವತ್ತು ದಾಟಿದ ಮೇಲೆ ಕ್ಯಾನ್ಸರ್ ಗೊತ್ತಾಯಿತು. ಗ್ರಂಥಿಯ ಹೊರಗೆ ಹಬ್ಬಿರಲಿಲ್ಲ. ಮಂಗಳೂರಿನಲ್ಲಿ ಇಡೀ ಪ್ರಾಸ್ಟೇಟ್ ತೆಗೆದರು.

ಆ ಗ್ರಂಥಿಯ ಎರಡೂ ಬದಿಯಲ್ಲಿ ತೀರಾ ಸಣ್ಣ ನರಗಳು ಹಾದುಹೋಗುತ್ತವೆ. ಶಿಶ್ನ ನಿಮಿರಬೇಕು ಎಂಬ ಸಂದೇಶ ಅವುಗಳಿಂದಲೇ ಹೋಗುವುದು. ಮೊದಲೆಲ್ಲ ಈ ಆಪರೇಷನ್ ಆದರೆ ಆ ಶಕ್ತಿ ಹೋಯಿತು ಅಂತಲೇ ಲೆಕ್ಕ. 1982ರಲ್ಲಿ ಅಮೆರಿಕದ ಡಾ. ಪ್ಯಾಟ್ರಿಕ್ ವಾಲ್ಶ್ ನರಗಳನ್ನು ಉಳಿಸಿ ಗ್ರಂಥಿ ತೆಗೆಯುವ ವಿಧಾನ ತೋರಿಸಿದರು. ನನಗೆ ಒಂದು ಬದಿಯ ನರ ಉಳಿಸಲು ಆಗಲಿಲ್ಲ, ಗಡ್ಡೆ ಅದರ ಹತ್ತಿರವೇ ಇತ್ತು. ಉಳಿಸಿದ ನರವಾದರೂ ಎಳೆದಾಟದಲ್ಲಿ ಸೋತಿರುತ್ತದೆ. ಚೇತರಿಸಲು ಒಂದೂವರೆ, ಎರಡು ವರ್ಷ ಬೇಕಾಗಬಹುದು. ಆ ಕಾರಣಕ್ಕೇ ಡಾಕ್ಟರು ಅವಸರ ಮಾಡಬೇಡಿ ಅಂದಿದ್ದರು, ಸರಿಯಾಗಿಯೇ ಹೇಳಿದ್ದರು.

ಕಾಯುವಾಗ ಸುಮ್ನೆ ಕೂರಲಿಲ್ಲ. ಮೊದಲು ನಿಮಿರಲು ನೆರವಾಗುವ ಮಾತ್ರೆ, ಸಿಲ್ಡೆನಾಫಿಲ್, ಆಮೇಲೆ ಟಡಾಲಾಫಿಲ್. ಮಾತ್ರೆಗೆ ನರದ ಸಂದೇಶ ಬೇಕು. ನರವೇ ಸುಮ್ಮನಿದ್ದರೆ ಅದು ಏನು ಮಾಡೀತು? ನನಗೆ ತಲೆನೋವು ಬಂತು, ಬೇರೇನೂ ಆಗಲಿಲ್ಲ. (ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು. ಬಿಪಿ ಒಮ್ಮೆಲೇ ಕುಸಿಯುತ್ತದೆ.) ಆಮೇಲೆ ಗಾಳಿ ಎಳೆಯುವ ವ್ಯಾಕ್ಯೂಮ್ ಕೊಳವೆ. ನಿಮಿರುತ್ತದೆ, ಆದರೆ ಬುಡಕ್ಕೆ ಬಿಗಿ ರಿಂಗ್ ಹಾಕಬೇಕು, ಚರ್ಮ ತಣ್ಣಗಾಗುತ್ತದೆ. ಅದರಲ್ಲೇ ಖುಷಿಯಾಗಿರುವವರೂ ಇದ್ದಾರೆ. ಕೊನೆಗೆ ಶಿಶ್ನಕ್ಕೇ ಚುಚ್ಚುವ ಇಂಜೆಕ್ಷನ್. ಅದು ಕೆಲಸ ಮಾಡಿತು. ಆದರೆ ಒಳಗೆ ಒಂಥರಾ ಸೆಳೆತ, ಪ್ರತಿ ಸಲ ಸೂಜಿ. ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು ಎಂಬ ಹೆದರಿಕೆ ಬೇರೆ.

ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ "ಗುಪ್ತರೋಗ" ಬೋರ್ಡ್ ನೋಡಿರುತ್ತೀರಿ ಅಲ್ವಾ. ಲಾಡ್ಜ್‌ನಲ್ಲಿ ಕೂತು ಪುಡಿ ಕೊಡುವವರು. ಇಂಥ ಪುಡಿಗಳಲ್ಲಿ ಹೇಳದೆ ಕೇಳದೆ ಸಿಲ್ಡೆನಾಫಿಲ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದ್ದುಂಟು. ದಯವಿಟ್ಟು ಹೋಗಬೇಡಿ. ಮಣಿಪಾಲ, ಮಂಗಳೂರಿನಂಥ ಊರುಗಳಲ್ಲಿ ಓದಿ ಪಳಗಿದ ಯೂರಾಲಜಿಸ್ಟ್‌ಗಳು (ಮೂತ್ರ ಮತ್ತು ಗಂಡಸರ ಜನನಾಂಗದ ತಜ್ಞರು) ಇರುವಾಗ ಲಾಡ್ಜ್ ಯಾಕೆ ಮಾರಾಯ್ರೇ?

ಹೆಂಡತಿ ಮೊದಲಿನಿಂದಲೂ "ಜೀವ ಉಳಿಯಿತಲ್ಲ, ಅಷ್ಟೇ ಸಾಕು" ಅನ್ನುತ್ತಿದ್ದಳು. ಒಂದು ರಾತ್ರಿ ಬೇರೆ ಮಾತು ಹೇಳಿದಳು. "ಅದು ಇಲ್ಲದಿದ್ದರೆ ನನಗೇನೂ ಇಲ್ಲ. ಆದರೆ ನೀವು ನನ್ನ ಹತ್ತಿರ ಕೂರುವುದನ್ನೇ ಬಿಟ್ಟಿದ್ದೀರಿ." ನಿಜವೇ. ಮುಟ್ಟಿದರೆ ಮುಂದೆ ಏನೋ ಆಗಬೇಕು, ಆಗುವುದಿಲ್ಲ ಅಂತ ಮುಟ್ಟುವುದನ್ನೇ ತಪ್ಪಿಸುತ್ತಿದ್ದೆ. ಮುಂದಿನ ಸಲ ಡಾಕ್ಟರ ಹತ್ತಿರ ಇಬ್ಬರೂ ಹೋದೆವು.

ಡಾಕ್ಟರು ಮೇಜಿನ ಮೇಲೆ ಎರಡು ಸ್ಯಾಂಪಲ್ ಇಟ್ಟರು. ಒಂದು, ಬಗ್ಗಿಸಬಹುದಾದ ಎರಡು ಕಡ್ಡಿ. ಸದಾ ಗಟ್ಟಿಯಾಗಿರುತ್ತದೆ, ಬೇಕಾದಾಗ ಮೇಲೆ, ಬೇಡವಾದಾಗ ಕೆಳಗೆ ಬಗ್ಗಿಸುವುದು. ಮುಂಬೈಯ ಡಾ. ರೂಪಿನ್ ಶಾ ಅವರ ಹೆಸರಿನ ದೇಶೀ ಇಂಪ್ಲಾಂಟ್ ಈ ಜಾತಿಯದು, ಬೆಲೆ ಎಷ್ಟೋ ಕಡಿಮೆ. ಇನ್ನೊಂದು ನೀರು ತುಂಬುವ ಜಾತಿ. ಇದನ್ನು ಮೊದಲು 1973ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಡಾ. ಬ್ರಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು ಜನರ ಮುಂದಿಟ್ಟರು. ಶಿಶ್ನದೊಳಗೆ ಎರಡು ಸಿಲಿಂಡರ್, ಕಿಬ್ಬೊಟ್ಟೆಯಲ್ಲಿ ಸಲೈನ್ (ಉಪ್ಪುನೀರು) ತುಂಬಿದ ಸಣ್ಣ ಚೀಲ, ವೃಷಣದ ಚೀಲದೊಳಗೆ ಒಂದು ಪಂಪ್. ಪಂಪ್ ಒತ್ತಿದರೆ ಆ ನೀರು ಸಿಲಿಂಡರಿಗೆ ಹೋಗಿ ಬಿಗಿಯಾಗುತ್ತದೆ. ಎಲ್ಲವೂ ಮೈಯೊಳಗೇ, ಹೊರಗೆ ಏನೂ ಕಾಣುವುದಿಲ್ಲ. ಇದಕ್ಕೆ ಲಕ್ಷಗಳಲ್ಲೇ ಖರ್ಚು. ನನ್ನ ಇನ್ಶೂರೆನ್ಸಿನಲ್ಲಿ ದುಡ್ಡು ಸಿಗಲಿಲ್ಲ. ನೀವು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಸಿಲಿಂಡರ್ ಕೈಯಲ್ಲಿ ಹಿಡಿದು ಒತ್ತಿ ನೋಡಿದಳು. "ಇದು ಒಳಗೆ ಒಡೆದರೆ ಏನಾಗುತ್ತದೆ ಡಾಕ್ಟ್ರೇ?" ಅಂತ ಕೇಳಿದಳು. "ಒಳಗಿರುವುದು ಬರೀ ಉಪ್ಪುನೀರು ಅಮ್ಮ. ಸೋರಿದರೂ ಮೈ ಹೀರಿಕೊಳ್ಳುತ್ತದೆ. ಯಂತ್ರ ಬದಲಿಸಬೇಕಾಗುತ್ತದೆ, ಅಷ್ಟೇ." ಹತ್ತು ವರ್ಷ ದಾಟಿದರೂ ಚೆನ್ನಾಗಿ ನಡೆಯುವವು ಜಾಸ್ತಿ ಅಂತಲೂ ಹೇಳಿದರು.

ನಾನು ನೀರಿನದೇ ಆರಿಸಿದೆ. ಮನೆಯಲ್ಲಿ ಪಂಚೆ, ಕೃಷ್ಣ ಮಠಕ್ಕೆ ಹೋದರೂ ಅಂಗಿ ಬಿಚ್ಚಿ ಪಂಚೆ. ಸದಾ ಗಟ್ಟಿಯಾಗಿರುವುದನ್ನು ಇಟ್ಟುಕೊಂಡು ಓಡಾಡಲು ಮನಸ್ಸು ಒಪ್ಪಲಿಲ್ಲ. ಆದರೆ ಕೈ ನಡುಗುವವರಿಗೆ, ಬೆರಳು ಬಗ್ಗದವರಿಗೆ, ದುಡ್ಡು ಹೊಂದಿಸಲು ಆಗದವರಿಗೆ ಕಡ್ಡಿಯೇ ಒಳ್ಳೆಯದು. ಅದು ಕೆಳದರ್ಜೆಯದು ಅಂತ ಯಾರೂ ತಿಳಿಯಬೇಡಿ.

ಸಹಿ ಹಾಕುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಇದು ಹಿಂದೆ ಬರುವ ದಾರಿ ಅಲ್ಲ. ಸಿಲಿಂಡರ್ ಕೂರಿಸಲು ಒಳಗಿನ ಮೆದು ಅಂಗಾಂಶವನ್ನು ಹಿಗ್ಗಿಸುತ್ತಾರೆ. ನಾಳೆ ಇಂಪ್ಲಾಂಟ್ ತೆಗೆದರೆ ಮೊದಲಿನ ಹಾಗೆ ತಾನಾಗಿ ನಿಮಿರುವುದಿಲ್ಲ, ಮಾತ್ರೆಯೂ ನಾಟುವುದಿಲ್ಲ. ಅದಕ್ಕೇ ಉಳಿದದ್ದೆಲ್ಲ ನೋಡಿ ಆದಮೇಲೆ ಇದು. ದೊಡ್ಡ ಹೆದರಿಕೆ ಸೋಂಕಿನದು. ಮೊದಲ ಸಲ ಹಾಕಿಸುವವರಲ್ಲಿ ನೂರಕ್ಕೆ 1ರಿಂದ 3 ಜನರಿಗೆ ಆಗುತ್ತದೆ ಅನ್ನುತ್ತಾರೆ. ಸೋಂಕು ತಗುಲಿದರೆ ಸಾಮಾನ್ಯವಾಗಿ ಎಲ್ಲವನ್ನೂ ತೆಗೆಯಲೇಬೇಕು. ನನಗೆ ಸ್ವಲ್ಪ ಶುಗರ್ ಇದೆ. ಮೂರು ತಿಂಗಳ ಸರಾಸರಿ ಹತೋಟಿಗೆ ಬರುವ ತನಕ ತಾರೀಕು ಕೊಡಲಿಲ್ಲ. ಕುಚ್ಚಲಕ್ಕಿ ಗಂಜಿಯ ಬಟ್ಟಲು ಸಣ್ಣದಾಯಿತು, ಬೆಳಿಗ್ಗೆಯ ನಡಿಗೆ ಉದ್ದವಾಯಿತು.

ಆಪರೇಷನ್ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಶಿಶ್ನ ಮತ್ತು ವೃಷಣದ ಚೀಲ ಸೇರುವಲ್ಲಿ ಸಣ್ಣ ಗಾಯ, ಸುಮಾರು ಒಂದು ಗಂಟೆಯ ಕೆಲಸ. ಮರುದಿನ ಪೈಪ್ ತೆಗೆದರು. ಆಮೇಲೆ ಊತ, ನೀಲಿಗಟ್ಟಿದ ಚರ್ಮ, ಕೂತರೂ ನೋವು. ಮೊದಲ ವಾರ ಕಷ್ಟವೇ. ಬೈಕ್ ಬೇಡ, ಭಾರ ಎತ್ತುವುದು ಬೇಡ. ನೋವು ತಗ್ಗಿದ ಮೇಲೆ ದಿನಾ ಸ್ನಾನದಲ್ಲಿ ಪಂಪನ್ನು ಮೆಲ್ಲಗೆ ಕೆಳಗೆ ಎಳೆಯಬೇಕು, ಇಲ್ಲದಿದ್ದರೆ ಅದು ಮೇಲೇರಿ ಅಲ್ಲೇ ಕೂತುಬಿಡುತ್ತದೆ.

ಆರು ವಾರದ ಹೊತ್ತಿಗೆ ಪಂಪ್ ಬಳಸಲು ಕಲಿಸಿದರು. ಬೇಯಿಸಿದ ಹಲಸಿನ ಬೀಜವನ್ನು ಸಿಪ್ಪೆಯ ಒಳಗೇ ಹಿಡಿದ ಹಾಗೆ, ಚರ್ಮದಡಿ ಜಾರುತ್ತದೆ. ಒಂದು ಕೈಯಲ್ಲಿ ಮೇಲ್ಭಾಗ ಹಿಡಿದು ನಿಲ್ಲಿಸಬೇಕು, ಇನ್ನೊಂದು ಕೈಯ ಬೆರಳಿಂದ ಮೆದು ಭಾಗ ಒತ್ತಬೇಕು. ಮೊದಲ ಒತ್ತು ಗಟ್ಟಿ, ಆಮೇಲೆ ಸಲೀಸು. ಪ್ರತಿ ಒತ್ತಿಗೂ ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತದೆ. ಇಳಿಸಲು ಮೇಲಿನ ಸಣ್ಣ ಬಟನ್ ಹುಡುಕಿ ಕೆಲವು ಸೆಕೆಂಡ್ ಒತ್ತಬೇಕು. ನನಗೆ ಕಷ್ಟವಾದದ್ದು ಆ ಬಟನ್. ಊತ ಪೂರ್ತಿ ಇಳಿದಿರಲಿಲ್ಲ, ಯಾವುದು ಯಾವುದು ಅಂತ ಬೆರಳಿಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಬಿಸಿನೀರ ಸ್ನಾನ ಆದಮೇಲೆ ಚರ್ಮ ಸಡಿಲವಾದಾಗ ಅಭ್ಯಾಸ ಮಾಡಿದೆ. ಹೆಂಡತಿಯೂ ಕಲಿತಳು. ಈಗ ನನಗಿಂತ ಬೇಗ ಬಟನ್ ಸಿಗುವುದು ಅವಳಿಗೇ.

ಇದರಿಂದ ಸಿಗದ್ದನ್ನೂ ಹೇಳಬೇಕು. ಉದ್ದ ಹೆಚ್ಚುವುದಿಲ್ಲ. ಪ್ರಾಸ್ಟೇಟ್ ತೆಗೆದಾಗಲೇ ಸ್ವಲ್ಪ ಕಡಿಮೆಯಾಗಿರುತ್ತದೆ, ಅದನ್ನು ಇಂಪ್ಲಾಂಟ್ ವಾಪಸ್ ಕೊಡುವುದಿಲ್ಲ. ತುದಿಯ ಭಾಗ ಮೆದುವಾಗಿಯೇ ಇರುತ್ತದೆ. ವೀರ್ಯ ಬರುವುದಿಲ್ಲ, ಅದು ಗ್ರಂಥಿಯ ಜೊತೆಗೇ ಹೋಯಿತು. ಆದರೆ ಮುಟ್ಟಿದ ಅರಿವು, ಸುಖದ ತುದಿ, ಎರಡೂ ಇವೆ. ಅವುಗಳ ನರಗಳೇ ಬೇರೆ. ಆ ಹೊತ್ತಿಗೆ ಒಂದೆರಡು ಹನಿ ಮೂತ್ರ ಬರುವುದುಂಟು. ಮೊದಲೇ ಮೂತ್ರಕ್ಕೆ ಹೋಗಿ ಬಂದರೆ, ಕೀಗಲ್ ವ್ಯಾಯಾಮ (ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವುದು) ಬಿಡದೆ ಮಾಡಿದರೆ ತುಂಬ ಕಡಿಮೆಯಾಗುತ್ತದೆ. ಆಸೆಯನ್ನು ಯಾವ ಪಂಪೂ ಹುಟ್ಟಿಸುವುದಿಲ್ಲ, ಅದು ಇಬ್ಬರ ನಡುವೆ ಇರಬೇಕಾದದ್ದು. ನಮಗೆ ಸಿಕ್ಕ ದೊಡ್ಡ ಲಾಭ ಅಂದರೆ, ಹತ್ತಿರ ಕೂರಲು ನನಗೆ ಈಗ ಅಂಜಿಕೆ ಇಲ್ಲ.

ಇಂಪ್ಲಾಂಟಿನ ಕಾರ್ಡ್ ನನ್ನ ಪರ್ಸಿನಲ್ಲಿ ಸದಾ ಇರುತ್ತದೆ. ಎಂಆರ್‌ಐ ಮಾಡಿಸುವಾಗ, ಹರ್ನಿಯಾದಂಥ ಹೊಟ್ಟೆಯ ಆಪರೇಷನ್ ಆಗುವಾಗ, ಮೂತ್ರಕ್ಕೆ ಪೈಪ್ ಹಾಕುವಾಗ ತೋರಿಸಲೇಬೇಕು. ಪಿಎಸ್‌ಎ ಪರೀಕ್ಷೆ ಮೊದಲಿನ ಹಾಗೇ ನಡೆಯುತ್ತಿದೆ. ಕ್ಯಾನ್ಸರಿಗೂ ಇದಕ್ಕೂ ಸಂಬಂಧವಿಲ್ಲ.

ಮೊನ್ನೆ ಕುಂದಾಪುರ ಕಡೆಯ ಪರಿಚಯದವರೊಬ್ಬರು ಫೋನ್ ಮಾಡಿ, ತಾನೂ ಹಾಕಿಸಿಕೊಳ್ಳಲಾ ಅಂತ ತಗ್ಗಿದ ದನಿಯಲ್ಲಿ ಕೇಳಿದರು. ಅವರ ಪ್ರಾಸ್ಟೇಟ್ ಆಪರೇಷನ್ ಆಗಿ ಆರು ತಿಂಗಳಷ್ಟೇ, ಎರಡೂ ಬದಿಯ ನರ ಉಳಿಸಿದ್ದಾರಂತೆ. ಈಗಲೇ ಬೇಡ, ಮಾತ್ರೆ, ವ್ಯಾಕ್ಯೂಮ್ ನಡೆಸುತ್ತಾ ಇನ್ನೊಂದು ವರ್ಷ ನೋಡಿ, ಡಾಕ್ಟರ ಹತ್ತಿರ ಹೋಗುವಾಗ ಮನೆಯವರನ್ನೂ ಒಳಗೆ ಕರೆದುಕೊಂಡು ಹೋಗಿ ಅಂದೆ.