ಕಪಾಟು ಸರಿಸುವ ಮುನ್ನ

ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಹೊಸ ಪುಸ್ತಕಗಳಿಗೆ ಕಪಾಟು ಸಾಲದಾಗುವುದೂ ಓದಲು ಬಂದವರಿಗೆ ಕುರ್ಚಿ ಸಿಗದಿರುವುದೂ ಸಾಮಾನ್ಯವಾಗಿ ಜೊತೆಜೊತೆಗೇ ಬರುತ್ತವೆ. ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಸೂತ್ರರೂಪದಲ್ಲಿ ಹೇಳಿದ್ದರೂ, ಕಟ್ಟಡ ಅದರೊಂದಿಗೆ ಬೆಳೆಯುವುದಿಲ್ಲ. ನಾನು ಗ್ರಂಥಪಾಲಕನಾಗಿರುವಲ್ಲಿಯೂ ವಿಸ್ತರಣೆಗೆ ಅವಕಾಶವಿರಲಿಲ್ಲವಾದ್ದರಿಂದ, ಇರುವ ಜಾಗವನ್ನೇ ಹೊಸದಾಗಿ ಹಂಚಬೇಕಾಯಿತು. ಆ ಕೆಲಸದಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡ ನಿಯಮ ಒಂದೇ: ಯಾವ ಪುಸ್ತಕ ಬಳಕೆಯಲ್ಲಿದೆ, ಯಾವ ಮೇಜು ತುಂಬಿದೆ ಎಂಬುದನ್ನು ಕಣ್ಣಾರೆ ನೋಡದೆ ಏನನ್ನೂ ಸರಿಸಬಾರದು.

ಮೊದಲು ಕೈಹಾಕಿದ್ದು ಬೈಂಡ್ ಮಾಡಿಸಿದ ನಿಯತಕಾಲಿಕಗಳ ಹಳೆಯ ಸಂಪುಟಗಳಿಗೆ. ಇವು ಕಪಾಟುಗಳನ್ನು ಆಕ್ರಮಿಸಿಕೊಳ್ಳುವ ತೊಂದರೆಗೆ ಪರಿಹಾರವಾಗಿಯೇ ಹಳೆಯ ಸಂಚಿಕೆಗಳನ್ನು ಚಂದಾದಾರ ಗ್ರಂಥಾಲಯಗಳಿಗೆ ಡಿಜಿಟಲ್ ರೂಪದಲ್ಲಿ ಒದಗಿಸುವ ಜೆಸ್ಟೋರ್ 1995ರಲ್ಲಿ ಆರಂಭವಾಯಿತು. ಆದರೆ ಚಂದಾ ನಿಂತ ಮೇಲೂ ಹಿಂದಿನ ಸಂಚಿಕೆಗಳು ನಮಗೆ ಲಭ್ಯವಿರುತ್ತವೆಯೇ ಎಂಬುದನ್ನು ಒಪ್ಪಂದದಲ್ಲಿ ಓದಿ ಖಚಿತಪಡಿಸಿಕೊಳ್ಳದೆ ಒಂದು ಸಂಪುಟವನ್ನೂ ಹೊರಗೆ ಕಳಿಸಲಿಲ್ಲ.

ಪುಸ್ತಕಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ನಡೆದ ಪ್ರಸಿದ್ಧ ಅಧ್ಯಯನದ ಪ್ರಕಾರ, 1969ರಲ್ಲಿ ತರಿಸಿದ ಪುಸ್ತಕಗಳಲ್ಲಿ ಸುಮಾರು ಶೇ. 40ರಷ್ಟು ಮೊದಲ ಆರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ. ಜಾಗದ ಚರ್ಚೆ ಬಂದಾಗಲೆಲ್ಲ ಈ ಅಂಕಿಯನ್ನು ಮುಂದಿಡುವವರಿದ್ದಾರೆ. ಆದರೆ ಮನೆಗೆ ಒಯ್ಯದ ಪುಸ್ತಕವನ್ನೆಲ್ಲ ಯಾರೂ ಓದಿಲ್ಲ ಎನ್ನುವಂತಿಲ್ಲ. ನಿಘಂಟು, ಕೋಷ್ಟಕ, ವ್ಯಾಖ್ಯಾನ ಗ್ರಂಥಗಳನ್ನು ಅಲ್ಲಿಯೇ ತೆರೆದು, ಬೇಕಾದದ್ದನ್ನು ಬರೆದುಕೊಂಡು ಹೋಗುವವರೇ ಹೆಚ್ಚು. ಆದ್ದರಿಂದ ನೋಡಿದ ಪುಸ್ತಕಗಳನ್ನು ಮೇಜಿನ ಮೇಲೆಯೇ ಬಿಡುವಂತೆ ವಿದ್ಯಾರ್ಥಿಗಳನ್ನು ಕೋರಿ, ಸಂಜೆ ಅವನ್ನು ಕಪಾಟಿಗೆ ಮರಳಿಸುವ ಮುನ್ನ ಪ್ರತಿಯೊಂದರ ಬಾರ್‌ಕೋಡನ್ನೂ ದಾಖಲಿಸತೊಡಗಿದೆವು. ಪರೀಕ್ಷೆಯ ದಿನಗಳೂ ಸಂಶೋಧನಾ ಪ್ರಬಂಧ ಸಲ್ಲಿಸುವ ದಿನಗಳೂ ಒಳಗೊಳ್ಳುವಂತೆ ಇಡೀ ಶೈಕ್ಷಣಿಕ ವರ್ಷ ಇದನ್ನು ನಡೆಸಿದ್ದರಿಂದ, ಎರವಲು ದಾಖಲೆಯಲ್ಲಿ ಸುಳಿವೇ ಇಲ್ಲದ ಓದು ನಮಗೆ ಕಾಣಿಸಿತು. ಎರಡೂ ದಾಖಲೆಗಳಲ್ಲಿ ಬಾರದ ಶೀರ್ಷಿಕೆಗಳ ಪಟ್ಟಿಯನ್ನು ಮಾತ್ರ ಆಯಾ ವಿಭಾಗದ ಅಧ್ಯಾಪಕರ ಪರಿಶೀಲನೆಗೆ ಕಳಿಸಿದೆವು. ಬೇರೆ ಯಾವ ಗ್ರಂಥಾಲಯದಲ್ಲಿಯೂ ಪ್ರತಿ ಸಿಗದ ಪುಸ್ತಕವನ್ನು, ಬೇಡಿಕೆ ಇರಲಿ ಬಿಡಲಿ, ವಿಲೇವಾರಿ ಮಾಡಲಿಲ್ಲ. ಈ ವಿಷಯದಲ್ಲಿ ರಾಜಿಗೆ ಆಸ್ಪದವಿಲ್ಲವೆಂದೇ ನಾನು ನಂಬುತ್ತೇನೆ.

ಬಳಕೆ ವಿರಳವಾದರೂ ಉಳಿಯಲೇಬೇಕಾದವನ್ನು ದಾಸ್ತಾನು ಕೊಠಡಿಗೆ ಸಾಗಿಸಿ, ವಿಷಯದ ಬದಲು ಅಳತೆಯ ಪ್ರಕಾರ ಜೋಡಿಸಿದೆವು. 1986ರಲ್ಲಿ ಆರಂಭವಾದ ಹಾರ್ವರ್ಡ್ ವಿಶ್ವವಿದ್ಯಾಲಯದ ದಾಸ್ತಾನು ಕೇಂದ್ರದಲ್ಲಿ ಇರುವ ಕ್ರಮವೇ ಇದು. ಒಂದೇ ಎತ್ತರದ ಪುಸ್ತಕಗಳು ಒಟ್ಟಿಗಿದ್ದರೆ ಹಲಗೆಗಳ ನಡುವೆ ಜಾಗ ಪೋಲಾಗುವುದಿಲ್ಲ. ಆದರೆ ಕಪಾಟಿನ ಮುಂದೆ ನಿಂತು ಪಕ್ಕದ ಪುಸ್ತಕವನ್ನೂ ಎತ್ತಿ ನೋಡುವ ಅವಕಾಶ ಓದುಗರಿಗೆ ತಪ್ಪುತ್ತದೆ. ಆ ನಷ್ಟವನ್ನು ಸ್ವಲ್ಪವಾದರೂ ತುಂಬಲೆಂದು, ಪರಿವಿಡಿಯ ವಿವರಗಳನ್ನು ಕ್ಯಾಟಲಾಗಿಗೆ ಸೇರಿಸಿದ ಮೇಲೆಯೇ ಪುಸ್ತಕಗಳನ್ನು ಸಾಗಿಸಿದೆವು. ಹಳಿಯ ಮೇಲೆ ಸರಿಯುವ ಕಪಾಟುಗಳು ನೆಲದ ಮೇಲೆ ಬಹಳ ಹೆಚ್ಚಿನ ಭಾರ ಹಾಕುವುದರಿಂದ, ಎಂಜಿನಿಯರ್ ಪರಿಶೀಲಿಸಿದ ನಂತರ ಅವನ್ನು ನೆಲಮಹಡಿಯಲ್ಲಿ ಮಾತ್ರ ಅಳವಡಿಸಿದೆವು.

ಹೀಗೆ ತೆರವಾದ ಜಾಗವನ್ನು ಹಂಚುವಾಗ ಪ್ರಶ್ನಾವಳಿಯ ಉತ್ತರಗಳಿಗಿಂತ ಆಸನ ಎಣಿಕೆಯನ್ನೇ ನೆಚ್ಚಿಕೊಂಡೆ. ಬೇರೆ ಬೇರೆ ಹೊತ್ತಿನಲ್ಲಿ ಸುತ್ತುಹಾಕಿ ನೋಡಿದಾಗ, ನಾಲ್ವರು ಕೂರುವ ಮೇಜಿನಲ್ಲಿ ಒಬ್ಬರೇ ಚೀಲ ಹರಡಿಕೊಂಡು ಕುಳಿತಿರುವುದೂ, ಪ್ಲಗ್ ಪಾಯಿಂಟ್ ಇರುವ ಗೋಡೆಯ ಬದಿಯಲ್ಲಿ ಹಲವರು ನೆಲದ ಮೇಲೆಯೇ ಕುಳಿತಿರುವುದೂ ಕಂಡುಬಂದವು. ಅದಕ್ಕೆ ತಕ್ಕಂತೆ ಒಬ್ಬೊಬ್ಬರೇ ಕೂರುವ ಮೇಜುಗಳನ್ನು ಹೆಚ್ಚಿಸಿ, ಗುಂಪು ಚರ್ಚೆಯ ಭಾಗವನ್ನು ಪ್ರವೇಶದ್ವಾರದ ಸಮೀಪಕ್ಕೆ ತಂದು, ಮೌನ ಓದಿನ ಭಾಗವನ್ನು ಕಪಾಟುಗಳ ಸಾಲಿನ ಆಚೆಗೆ ಇಟ್ಟೆವು. ಪುಸ್ತಕ ತುಂಬಿದ ಕಪಾಟು ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಪರೀಕ್ಷೆ ಹತ್ತಿರವಾದಾಗ ಚರ್ಚೆಯ ಕೊಠಡಿಗಳನ್ನೂ ಮೌನ ಓದಿಗೆ ಬಿಟ್ಟುಕೊಡುತ್ತೇವೆ. ಆನ್‌ಲೈನ್ ಸಂದರ್ಶನಕ್ಕೆ ಕೂರುವ ವಿದ್ಯಾರ್ಥಿಗಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಸಣ್ಣ ಕೋಣೆಗಳು ಇನ್ನೂ ಬೇಕಾಗಿದ್ದು, ಅದಕ್ಕಾಗಿ ಈಗ ಪುಟಗಳನ್ನು ಕಿರಿದಾಗಿ ಸೆರೆಹಿಡಿದ ಫಿಲ್ಮ್ ಸುರುಳಿಗಳನ್ನು ಓದುವ ಮೈಕ್ರೋಫಿಲ್ಮ್ ಯಂತ್ರಗಳಿರುವ ಕೊಠಡಿಯ ಬಳಕೆಯನ್ನು ದಾಖಲಿಸುತ್ತಿದ್ದೇವೆ.