ಮಳೆಗಾಲ ಮತ್ತು ಡಿಸ್ಕಿನ ಡಬ್ಬಿ

ಕಾರವಾರದ ಒಂದು ಆಸ್ಪತ್ರೆಯಲ್ಲಿ ಕಲ್ಚರ್ ಕೆಲಸ, ಅಂದರೆ ಸ್ಯಾಂಪಲ್ಲಿನಿಂದ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಕೆಲಸ, ನನ್ನದು. ಆಪರೇಷನ್ ಗಾಯದ ಕೀವು, ಐಸಿಯು ರೋಗಿಗಳ ಕಫ, ಕ್ಯಾಥೆಟರ್ ಹಾಕಿದವರ ಮೂತ್ರ ದಿನಾ ಬರುತ್ತವೆ. ಬ್ಲಡ್ ಅಗರ್, ಮೆಕಾಂಕಿ ಎಂಬ ಪೋಷಕ ಜೆಲ್ಲಿನ ಪ್ಲೇಟುಗಳ ಮೇಲೆ ಲೂಪಿನಿಂದ ಗೀರಿ ಇನ್‌ಕ್ಯುಬೇಟರಿನಲ್ಲಿ ಇಡುತ್ತೇನೆ. ಮರುದಿನ ಪ್ಲೇಟ್ ನೋಡುತ್ತಲೇ ಅರ್ಧ ಗೊತ್ತಾಗುತ್ತದೆ. ಮೆಕಾಂಕಿಯಲ್ಲಿ ಗುಲಾಬಿ ಬಣ್ಣದ, ಲೋಳೆಲೋಳೆ ಉಬ್ಬಿದ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು) ಕಂಡರೆ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಅನುಮಾನ. ಹಸಿರು ಛಾಯೆ, ದ್ರಾಕ್ಷಿಯಂಥ ವಾಸನೆ ಇದ್ದರೆ ಸ್ಯೂಡೊಮೊನಾಸ್. ಹಾಗಂತ ಪ್ಲೇಟನ್ನು ಮೂಗಿಗೆ ಹಿಡಿದು ಮೂಸಲೇಬಾರದು. ಆಮೇಲೆ ಖಚಿತ ಮಾಡಲು ಗ್ರಾಂ ಸ್ಟೇನ್, ಆಕ್ಸಿಡೇಸ್ ಪರೀಕ್ಷೆ.

ಕಷ್ಟ ಇರೋದು ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಹೇಳುವುದರಲ್ಲಿ. ಕಾಲೊನಿಯನ್ನು ಸಲೈನಿನಲ್ಲಿ ಕದಡಿ 0.5 ಮ್ಯಾಕ್‌ಫರ್ಲೆಂಡ್ ಎಂಬ ಅಳತೆಯ ಮಬ್ಬಿಗೆ ತರಬೇಕು. 15 ನಿಮಿಷದೊಳಗೆ ಮುಲ್ಲರ್ ಹಿಂಟನ್ ಅಗರಿನ ಮೇಲೆ ಮೂರು ದಿಕ್ಕಿಗೂ ಸವರಬೇಕು. ಅಗರ್ 4 ಮಿಲಿಮೀಟರ್ ದಪ್ಪ ಇರಬೇಕು, ತೆಳುವಾದರೆ ಝೋನ್, ಅಂದರೆ ಔಷಧದ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ, ಸುಮ್ನೆ ದೊಡ್ಡದಾಗುತ್ತದೆ. ಮೇಲೆ ಔಷಧ ಹೀರಿಸಿದ ಕಾಗದದ ಡಿಸ್ಕ್ ಇಟ್ಟು, ಮರುದಿನ ಝೋನನ್ನು ಸ್ಕೇಲಿನಲ್ಲಿ ಅಳೆಯುತ್ತೇನೆ.

ಒಂದು ಜುಲೈನಲ್ಲಿ ಐಸಿಯುನಿಂದ ಬಂದ ಐದು ಸ್ಯಾಂಪಲ್ಲುಗಳಲ್ಲೂ ಇಮಿಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್ಕಿನ ಝೋನ್ ಚಿಕ್ಕದು. ಐದಕ್ಕೂ ರೆಸಿಸ್ಟೆಂಟ್ (ಔಷಧಕ್ಕೆ ಬಗ್ಗದು) ಅಂತ ಬರೆದೆ. ಅಂದರೆ ಡಾಕ್ಟರಿಗೆ ಉಳಿಯುವುದು ಕೊಲಿಸ್ಟಿನ್‌ನಂಥ ಔಷಧ, ಅದು ಕಿಡ್ನಿಗೆ ಭಾರ. ಕೆಲಸ ಜಾಸ್ತಿ ಅಂತ ಆ ವಾರದ ಕಂಟ್ರೋಲ್ ಪರೀಕ್ಷೆಯನ್ನು (ಫಲ ಮೊದಲೇ ಗೊತ್ತಿರುವ ತಳಿಯಿಂದ ಡಿಸ್ಕ್ ಸರಿಯಿದೆಯೇ ಎಂದು ನೋಡುವುದು) ಮುಂದೂಡಿದ್ದೆ. ಮನಸ್ಸು ತಡೆಯದೆ ಸಂಜೆ ಅದಕ್ಕೆಂದೇ ಇರುವ ಇ. ಕೋಲಿ 25922 ತಳಿ ಹಾಕಿದೆ. ಇಮಿಪೆನೆಮ್‌ಗೆ 26ರಿಂದ 32 ಮಿಲಿಮೀಟರ್ ಬರಬೇಕು, ಬಂದದ್ದು 22.

ಡಿಸ್ಕಿನ ಡಬ್ಬಿ ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಸಣ್ಣ ಸಣ್ಣ ನೀರ ಹನಿ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಡಬ್ಬಿಯನ್ನು ಹಾಗೇ ತೆರೆದಿದ್ದೆ. ಮಳೆಗಾಲದ ನಮ್ಮ ಕಡಲ ಗಾಳಿ, ಕೇಳಬೇಕಾ? ಪಸೆ ತಾಗಿದರೆ ಇಮಿಪೆನೆಮ್ ಬೇಗ ಕೆಡುತ್ತದೆ. ತಪ್ಪು ನನ್ನದೇ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, "ಸರ್, ಆ ಐದೂ ರಿಪೋರ್ಟ್ ತಡೆಹಿಡೀರಿ, ನಾಳೆ ಸರಿಯಾದ್ದು ಕೊಡ್ತೇನೆ" ಎಂದೆ.

ಈಗ ಡಬ್ಬಿ ಒಂದು ಗಂಟೆ ಮೇಜಿನ ಮೇಲೆ ಕೂತು ಕೋಣೆಯ ಬಿಸಿಗೆ ಬಂದ ಮೇಲೇ ಮುಚ್ಚಳ ತೆಗೆಯುತ್ತೇನೆ. ಒಳಗಿನ, ಪಸೆ ಹೀರುವ ಸಿಲಿಕಾ ಜೆಲ್ಲಿನ ಬಣ್ಣ ನೋಡುತ್ತೇನೆ. ಕಂಟ್ರೋಲ್ ತಪ್ಪಿದರೆ ಆ ಔಷಧದ ರಿಪೋರ್ಟ್ ಹೊರಗೆ ಹೋಗುವುದಿಲ್ಲ, ಯಾರು ಅವಸರ ಮಾಡಿದರೂ.

ಹೊಸ ಡಿಸ್ಕಿನಲ್ಲಿ ಐದರಲ್ಲಿ ಮೂರಕ್ಕೆ ಒಳ್ಳೆಯ ಝೋನ್ ಬಂತು. ಉಳಿದೆರಡು ನಿಜವಾಗಿಯೂ ರೆಸಿಸ್ಟೆಂಟ್. ರಿಪೋರ್ಟ್ ಟೈಪ್ ಆಗುವುದಕ್ಕೆ ಕಾಯದೆ ಐಸಿಯು ಸಿಸ್ಟರಿಗೆ ಆ ಎರಡು ಹಾಸಿಗೆಗಳ ನಂಬರ್ ಹೇಳಿದೆ, ಸೋಂಕು ಬೇರೆಯವರಿಗೆ ಹರಡದಂತೆ ಗ್ಲೌಸು, ಗೌನು ಬೇರೆ ಇಡಲಿ ಅಂತ.