ಹೂಮಳೆಯ ಸಾಧ್ಯತೆ: ಹಳೆಯ ಮಳೆ ಪುಸ್ತಕದಿಂದ ಲೆಕ್ಕ ತೆಗೆಯುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ದಿನದ ಮಳೆ ಬರೆದಿಡುವ ರೂಢಿ ಹಳೆಯದು. ಆ ಪುಸ್ತಕ ಹಿಡಿದು ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಸಾಧ್ಯತೆ ತೆಗೆಯಲು ಕೂತವರು ಎಡವುವುದು ಭಾಗಾಕಾರದಲ್ಲಲ್ಲ, ಎಣಿಕೆಯಲ್ಲಿ.

ಮೊದಲು ಪ್ರಶ್ನೆ ಬಿಗಿಯಾಗಲಿ. ‘ಮಳೆ ಬೇಗ ಬರುತ್ತದೆಯೇ?’ ಎಂದರೆ ಎಣಿಸಲಾಗದು. ‘ಫೆಬ್ರುವರಿ 15ರ ನಂತರ ಒಂದೇ ದಿನದಲ್ಲಿ 1 ಇಂಚು ಮುಟ್ಟಿದ ಮೊದಲ ಮಳೆ ಯಾವಾಗ?’ ಎಂದು ಕೇಳಿ. ಉತ್ತರಕ್ಕೆ ನಾಲ್ಕು ಅವಧಿ: ಮಾರ್ಚ್ 15ರವರೆಗೆ, ಮಾರ್ಚ್ 16–31, ಏಪ್ರಿಲ್ 1–15, ಆಮೇಲೆ. ಪ್ರತಿ ವರ್ಷವೂ ಒಂದರಲ್ಲಿ ಮಾತ್ರ ಕೂರಬೇಕು.

ಇನ್ನು ಪುಸ್ತಕ ಸೋಸುವ ಕೆಲಸ. ಇಲ್ಲಿ ಅವಸರ ಬೇಡವೇ ಬೇಡ. ಖಾಲಿ ಬಿಟ್ಟ ಜಾಗವನ್ನು ಸೊನ್ನೆ ಎಂದು ಓದಬೇಡಿ. ತಿಂಗಳ ಕೊನೆಯಲ್ಲಿ ಒಟ್ಟು ಹಾಕಿದ್ದು, ಅದು ತಾಳೆಯಾದರೆ ಖಾಲಿ ಎಂದರೆ ಮಳೆಯಿಲ್ಲ. ಒಟ್ಟೂ ಇಲ್ಲ, ನಮೂದೂ ಇಲ್ಲ ಎಂದರೆ ಯಾರೂ ಅಳೆದಿಲ್ಲ. ಅಂಥ ತಿಂಗಳು ಮೊದಲ ಮಳೆಗಿಂತ ಮುಂಚೆ ಬಂದಿದ್ದರೆ ಆ ವರ್ಷವನ್ನೇ ಕೈಬಿಡಿ. ಅಳತೆಯನ್ನೂ ನೋಡಿ: ‘40’ ಎಂದರೆ 40 ಸೆಂಟೇ (ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟು), 40 ಮಿ.ಮೀ. ಯೇ? ಮೊದಲನೆಯದು ಸುಮಾರು 10 ಮಿ.ಮೀ., ಎರಡನೆಯದು ಒಂದೂವರೆ ಇಂಚಿಗೂ ಹೆಚ್ಚು. ಸಂಜೆ ಸುರಿದದ್ದನ್ನು ಮರುದಿನ ಬೆಳಿಗ್ಗೆ 8.30ಕ್ಕೆ ಅಳೆಯುವುದರಿಂದ ಮಾರ್ಚ್ 15ರ ಮಳೆ 16ಕ್ಕೆ ದಾಖಲಾಗಿರಬಹುದು. ಅಳೆದ ದಿನವನ್ನೇ ಎಲ್ಲ ವರ್ಷಕ್ಕೂ ಹಿಡಿಯಿರಿ. ಗೆರೆ ಮಾಸಿದ ಅಗ್ಗದ ಪ್ಲಾಸ್ಟಿಕ್ ಮಳೆಮಾಪಕದ ಅಂಕಿ ನಂಬಬೇಡಿ. ವರ್ಷ ಸಾಲದೆಂದು ಬೇಲೂರಿನ ಪುಸ್ತಕವನ್ನು ಸಕಲೇಶಪುರದ್ದಕ್ಕೆ ಸೇರಿಸುವ ಅಡ್ಡದಾರಿಯೂ ಬೇಡ. ಘಟ್ಟದಂಚಿನ ಮಳೆಯೇ ಬೇರೆ.

ಭಾಗಾಕಾರ ಸುಲಭ. ಉದಾಹರಣೆಗೆ 30 ವರ್ಷಗಳು 6, 12, 9, 3 ಎಂದು ಹಂಚಿದರೆ ಸಾಧ್ಯತೆ 0.2, 0.4, 0.3, 0.1. ಕೂಡಿದರೆ 1 ಬರಬೇಕು.

ಮಾರ್ಚ್ ಪೂರ್ತಿ ಒಣಗಿಹೋಯಿತು ಎನ್ನಿ. ಆಗಲೂ ಏಪ್ರಿಲ್ ಮೊದಲ ಪಕ್ಷಕ್ಕೆ 0.3 ಎಂದೇ ಹೇಳುವವರಿದ್ದಾರೆ, ತಪ್ಪು. ಮೊದಲೆರಡು ಅವಧಿಯ 18 ವರ್ಷ ಈಗ ಲೆಕ್ಕಕ್ಕಿಲ್ಲ. ಉಳಿದ 12ರಲ್ಲಿ 9, ಅಂದರೆ 0.75. ಸ್ಪ್ರಿಂಕ್ಲರ್‌ಗೆ ಡೀಸೆಲ್ ತರಿಸಿ ಮಳೆಯ ಬದಲು ನೀರು ಹಾಯಿಸುವ ಮುನ್ನ ನೋಡಬೇಕಾದ ಅಂಕಿ ಇದು. ಆದರೆ 12 ವರ್ಷದಿಂದ ಬಂದದ್ದಾದ್ದರಿಂದ ಗಟ್ಟಿಯಲ್ಲ.

ಎಷ್ಟು ಗಟ್ಟಿ ಎಂದು ತಿಳಿಯಲು ಸಾಧ್ಯತೆಯನ್ನು, 1ರಲ್ಲಿ ಅದನ್ನು ಕಳೆದುಳಿದದ್ದರಿಂದ ಗುಣಿಸಿ, ವರ್ಷಗಳಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಸಾಧ್ಯತೆ ಸುಮಾರು ಎಷ್ಟು ಆಚೀಚೆ ಸರಿಯಬಹುದು ಎಂಬುದನ್ನು ಇದು ಹೇಳುತ್ತದೆ, ಚಿಕ್ಕದಾದಷ್ಟೂ ಗಟ್ಟಿ. 30 ವರ್ಷದ 0.4ಕ್ಕೆ ಇದು ಸುಮಾರು 0.09; 12 ವರ್ಷದ 0.75ಕ್ಕೆ 0.125. 20 ವರ್ಷಕ್ಕಿಂತ ಕಡಿಮೆ ಇದ್ದರೆ ನಾಲ್ಕು ಅವಧಿ ಬೇಡ, ಎರಡೇ ಸಾಕು.

ಯಾವುದಾದರೂ ಅವಧಿಗೆ ಸೊನ್ನೆ ಬಂದರೆ ‘ಅಸಾಧ್ಯ’ ಎಂದು ಬರೆಯಬೇಡಿ. ನಾಲ್ಕೂ ಎಣಿಕೆಗೆ ಒಂದೊಂದು ಕೂಡಿಸಿ, 30ರ ಬದಲು 34ರಿಂದ ಭಾಗಿಸಿ. ಸೊನ್ನೆಯ ಜಾಗದಲ್ಲಿ ಸುಮಾರು 0.03 ಬರುತ್ತದೆ.